ಗೆದ್ದವನ ಹೆಸರಿಲ್ಲದ ಕೊಡ

ಸೋಮವಾರ ಬೆಳಿಗ್ಗೆ ನಮ್ಮ ಮನೆಯಲ್ಲಿ ಹುಣಸೆಹಣ್ಣಿನ ಹುಳಿ ವಾಸನೆ ಎದ್ದರೆ ಸಾರಿನ ಆಸೆಯಿಂದ ಒಳಗೆ ಬರಬೇಡಿ. ನನ್ನ ಸೊಸೆ ಪಡಸಾಲೆಯ ತಾಮ್ರದ ಕೊಡ ತಿಕ್ಕುತ್ತಿರುತ್ತಾಳೆ. ಆ ಕೊಡಕ್ಕೆ ಈ ಮನೆಯಲ್ಲಿ ನನಗಿಂತ ಹೆಚ್ಚಿನ ಮರ್ಯಾದೆ. ಅದಕ್ಕೊಂದು ಸ್ಟೂಲು, ಸ್ಟೂಲಿನ ಮೇಲೆ ಕಸೂತಿಯ ಬಟ್ಟೆ. ಬಂದವರಿಗೆಲ್ಲ ಆಕೆ, "ನಮ್ಮ ಮಾವಾರು ಹುತುತು ಆಟದಾಗ ಗೆದ್ದದ್ದರಿ. ನಾಕೂ ಊರಿಗೆ ಇವರ ಛಲೋ ಆಟಗಾರಂತ ಕೊಟ್ಟದ್ದು" ಎನ್ನುತ್ತಾಳೆ. ಬಂದವರು ಕೊಡವನ್ನು ನೋಡುತ್ತಾರೆ, ನನ್ನ ಮೊಣಕಾಲನ್ನು ನೋಡುತ್ತಾರೆ, ನಂಬಲಾರದೆ ಮತ್ತೆ ಕೊಡವನ್ನು ನೋಡುತ್ತಾರೆ. ನಾನು ಪೇಪರಿನ ಹಿಂದೆ ಮುಖ ಮುಚ್ಚಿಕೊಳ್ಳುತ್ತೇನೆ. ಅದನ್ನು ಎಲ್ಲರೂ ವಿನಯವೆಂದು ತಿಳಿದಿದ್ದಾರೆ. ನನ್ನ ವಿನಯವೂ ಆ ಕೊಡದಷ್ಟೇ ಹಳೆಯದು.

ಕೊಡದ ಹೊಟ್ಟೆಯ ಮೇಲೆ ಏಳು ಹೆಸರುಗಳನ್ನು ಕೊರೆದಿದ್ದಾರೆ. ಮೊದಲನೆಯದು ಕೊಡ ಕೊಟ್ಟ ಸಾಹುಕಾರ ಸಂಗಪ್ಪನವರದು. ಎರಡನೆಯದು ಅವರ ತಂದೆಯದು. ಆ ಹಿರಿಯರು ಆಟಕ್ಕಿಂತ ಹತ್ತು ವರ್ಷ ಮೊದಲೇ ತೀರಿಕೊಂಡಿದ್ದರು. ಮೂರನೆಯದು ಕಚೇರಿಯ ಪೇಶಕಾರ ಸಾಹೇಬರದು. ಅದು ನಿಜಾಮರ ಕಾಲವಾದ್ದರಿಂದ ಅವರ ಹೆಸರು ಉರ್ದುವಿನಲ್ಲಿ, ಬಲಗಡೆಯಿಂದ ಹೊರಟು ಕನ್ನಡದ ಹೆಸರುಗಳಿಗೆ ಡಿಕ್ಕಿ ಹೊಡೆದು ನಿಂತಿದೆ. ಆಮೇಲೆ ಬಯಲು ಬಿಟ್ಟುಕೊಟ್ಟ ಗೌಡರು, ಹೆಡ್ಮಾಸ್ತರು, ವಕೀಲರು. ಕೊನೆಗೆ 'ಕ್ಯಾಪ್ಟನ್' ಎಂಬ ಬಿರುದಿನೊಂದಿಗೆ ನಾನು. ಇಷ್ಟೆಲ್ಲ ಆದ ಮೇಲೆ ಕೆಳಗೆ 'ಶ್ರೇಷ್ಠ ಆಟಗಾರ' ಎಂದು ಕೊರೆದು, ಮುಂದೆ ಎರಡು ಬೆರಳಿನಷ್ಟು ಜಾಗ ಬಿಟ್ಟಿದ್ದಾರೆ. ಆ ಜಾಗ ಅಂದಿನಿಂದಲೂ ಖಾಲಿ. ಬಂದವರಲ್ಲಿ ಒಬ್ಬರೂ ಅದನ್ನು ಗಮನಿಸಿಲ್ಲ. ಅಷ್ಟು ದೊಡ್ಡವರ ಹೆಸರು ಓದಿ ಮುಗಿಸುವಷ್ಟರಲ್ಲಿ ಆಟಗಾರನ ನೆನಪು ಯಾರಿಗಿರುತ್ತದೆ?

ಆಗ ನನಗೆ ಇಪ್ಪತ್ತೆರಡು ವರ್ಷ. ಕೊಪ್ಪಳದಲ್ಲಿ ನಮ್ಮಪ್ಪನ ಹತ್ತಿ ಅಂಗಡಿ. ಅಂಗಡಿಯ ಗಲ್ಲೆಯ ಮೇಲೆ ಕೂತು ನೊಣ ಹೊಡೆಯುವುದು ನನ್ನ ಉದ್ಯೋಗ, ಹುತುತು, ಈಗಿನವರ ಕಬಡ್ಡಿ, ನನ್ನ ಪರಾಕ್ರಮ. ಕೊಪ್ಪಳ, ಗಂಗಾವತಿ, ಕುಷ್ಟಗಿ, ಯಲಬುರ್ಗಿ ಈ ನಾಲ್ಕೂ ಕಡೆಯ ತಂಡಗಳನ್ನು ಕೋಟೆಯ ಕೆಳಗಿನ ಬಯಲಿನಲ್ಲಿ ಆಡಿಸಬೇಕೆಂದು ಹಿರಿಯರು ನಿಶ್ಚಯಿಸಿದರು. ನಮ್ಮ ತಂಡಕ್ಕೆ ನಾನು ಕ್ಯಾಪ್ಟನ್. ಅದಕ್ಕೆ ನನ್ನ ಆಟಕ್ಕಿಂತ ನಮ್ಮಪ್ಪ ಎಲ್ಲರಿಗೂ ಹೊಲಿಸಿಕೊಟ್ಟ ಚಡ್ಡಿಗಳೇ ಹೆಚ್ಚು ಕಾರಣ. ಆದರೆ ನನ್ನ ಉಸಿರು ಉದ್ದ, ದನಿ ದೊಡ್ಡದು. ನಾನು 'ಹುತುತು' ಎಂದು ಹೊರಟರೆ ಪೇಟೆಯ ಕತ್ತೆಗಳು ಕಿವಿ ನಿಮಿರಿಸುತ್ತಿದ್ದವು ಎಂದು ಗೆಳೆಯರು ಹೊಗಳುತ್ತಿದ್ದರು. ಅದು ಹೊಗಳಿಕೆಯೆಂದೇ ನಾನು ತಿಳಿದಿದ್ದೆ.

ನಮ್ಮ ಅಂಗಡಿಯಲ್ಲೇ ಹಮಾಲಿ ಮಾಡುತ್ತಿದ್ದ ಹಿಟ್ನಾಳದ ಹುಲಿಗೆಪ್ಪನೂ ತಂಡದಲ್ಲಿದ್ದ. ನನ್ನ ವಾರಿಗೆಯವನು. ಮೂಟೆಗಟ್ಟಿದ ಹತ್ತಿ ಅಂಡಿಗೆ ಎತ್ತಿ ಎತ್ತಿ ಅವನ ಬೆರಳುಗಳು ಕಬ್ಬಿಣದ ಕೊಕ್ಕೆಯಂತಾಗಿದ್ದವು. ಅವನು ಆಚೆಯ ಅಂಕಣಕ್ಕೆ ಹೋಗಿ ಮುಟ್ಟಿ ಬರುವವನಲ್ಲ. ಈಚೆಗೆ ಬಂದವನ ಕಾಲ ಹರಡನ್ನು, ಹಿಮ್ಮಡಿಯ ಮೇಲಿನ ಗಂಟನ್ನು, ಹಿಡಿದು ನೆಲಕ್ಕೆ ಬೀಳುವುದಷ್ಟೇ ಅವನ ವಿದ್ಯೆ. ಹಿಡಿದರೆ ಬಿಟ್ಟದ್ದನ್ನು ನಾನಂತೂ ಕಾಣೆ.

ಕೊನೆಯ ಆಟ ನಮಗೂ ಗಂಗಾವತಿಯವರಿಗೂ ಬಿತ್ತು. ಹೊತ್ತು ಇಳಿಯುವಾಗ ಅವರ ಕಡೆ ಉಳಿದವನು ಆನೆಗೊಂದಿಯ ತಿಮ್ಮಣ್ಣ ಒಬ್ಬನೇ. ಬಾಳೆಯ ತೋಟದಲ್ಲಿ ಬೆಳೆದ ಮೈ, ಎಣ್ಣೆ ಹಚ್ಚದೆಯೇ ಜಾರುತ್ತಿತ್ತು. ನಮ್ಮ ಕಡೆ ಉಳಿದವನು ಹುಲಿಗೆಪ್ಪ ಒಬ್ಬನೇ. ಕ್ಯಾಪ್ಟನ್ ಸಾಹೇಬರು ಎಲ್ಲಿದ್ದರು ಎನ್ನುತ್ತೀರಾ? ಔಟಾಗಿ ಗೆರೆಯ ಹೊರಗೆ ಕೂತು ಕೈ ಬೀಸಿ ಸಲಹೆ ಕೊಡುತ್ತಿದ್ದರು. ತಿಮ್ಮಣ್ಣ ಬಂದ, ಹುಲಿಗೆಪ್ಪನ ಭುಜ ಮುಟ್ಟಿದ, ತಿರುಗಿ ಹಾರಿದ. ಹುಲಿಗೆಪ್ಪ ಮುಖ ಅಡಿಯಾಗಿ ಬಿದ್ದು ಹರಡು ಹಿಡಿದ. ತಿಮ್ಮಣ್ಣ ಅವನನ್ನು ನೇಗಿಲಿನಂತೆ ಎಳೆದುಕೊಂಡೇ ನಡೆದ. ನಡುಗೆರೆಗೆ ಒಂದು ಗೇಣು ಇದ್ದಾಗ ತಿಮ್ಮಣ್ಣನ ಉಸಿರು ಕಡಿಯಿತು.

ಎದುರಿನವನನ್ನು ಹಿಡಿದರೆ ಹೊರಗೆ ಕೂತ ನಮ್ಮವನೊಬ್ಬ ಎದ್ದು ಒಳಗೆ ಬರಬೇಕೆಂಬುದು ಆಟದ ನಿಯಮ. ಸರದಿ ನನ್ನದಿತ್ತು. ನಾನು ಎದ್ದು ಒಳಗೆ ಹೋದೆ. ಆಟ ಗೆದ್ದಿದ್ದೆವು. ಜನ ನುಗ್ಗಿ ಬಂದರು, ಅಂಕಣದಲ್ಲಿ ನೆಟ್ಟಗೆ ನಿಂತವನು ನಾನೊಬ್ಬನೇ ಕಂಡೆ, ನನ್ನನ್ನೇ ಹೆಗಲ ಮೇಲೆ ಹೊತ್ತರು. ಮೇಲಿನಿಂದ ನೋಡಿದೆ. ಹುಲಿಗೆಪ್ಪ ಇನ್ನೂ ನೆಲದಲ್ಲಿದ್ದ, ಬಾಯಿತುಂಬ ಮಣ್ಣು. ತಿಮ್ಮಣ್ಣ, "ಬಿಡೋ ಮಾರಾಯಾ, ಆಟ ಮುಗದೈತಿ" ಎಂದು ಬೇಡಿಕೊಳ್ಳುತ್ತಿದ್ದ.

ಮರುದಿನದಿಂದ ಶ್ರೇಷ್ಠ ಆಟಗಾರನಾರೆಂಬ ಚರ್ಚೆ ನಮ್ಮ ಅಂಗಡಿಯ ಕಟ್ಟೆಯ ಮೇಲೆ ಶುರುವಾಯಿತು. ಎಳೆ ಜೋಳದ ಸೀತನಿ ತಿನ್ನುವ ಕಾಲಕ್ಕೆ ಶುರುವಾದದ್ದು ಮಾವಿನಕಾಯಿ ಉಪ್ಪಿಗೆ ಬೀಳುವ ತನಕ ನಡೆಯಿತು. ಕೊಡದ ಮೇಲೆ ಉಳಿದೆಲ್ಲ ಹೆಸರು ಕೊರೆಸಿ ಆಗಿತ್ತು, ಗೆದ್ದವನದೊಂದೇ ಬಾಕಿ. ಕುಷ್ಟಗಿಯವರ ವಾದ ಕೇಳಿ: ಅವರ ದೊಡ್ಡ ಆಟಗಾರ ತಂಗಿಯ ಸೀಮಂತಕ್ಕೆ ಹೋಗಿದ್ದರಿಂದ ಆಡಲಿಲ್ಲ, ಆಡಿದ್ದರೆ ಅವನೇ ಶ್ರೇಷ್ಠನಾಗುತ್ತಿದ್ದ, ಆದ್ದರಿಂದ ಕೊಡ ಅವನಿಗೆ. ಯಲಬುರ್ಗಿಯವರು, ತಮ್ಮವನೊಬ್ಬ ಇಡೀ ಪಂದ್ಯದಲ್ಲಿ ಒಮ್ಮೆಯೂ ಔಟಾಗಲಿಲ್ಲವೆಂದರು. ನಿಜ. ಅವನು ಯಾವಾಗಲೂ ಉಳಿದವರೆಲ್ಲರ ಹಿಂದೆ ನಿಂತಿದ್ದ. ಗಂಗಾವತಿಯವರು ತಿಮ್ಮಣ್ಣನ ಹೆಸರು ಎತ್ತಿದಾಗ ವಕೀಲರು, ಸೋತವನು ಶ್ರೇಷ್ಠನಾಗಬಹುದೇ ಎಂಬ ಪ್ರಶ್ನೆಯನ್ನು ಮೂರು ಸಂಜೆ ಎಳೆದರು. ಮೂರೂ ಸಂಜೆ ಮಂಡಕ್ಕಿ, ಮೆಣಸಿನಕಾಯಿ ಬಜ್ಜಿ, ಚಹಾ ನಮ್ಮಪ್ಪನ ಖರ್ಚು.

ಯಾರೋ ಹುಲಿಗೆಪ್ಪನ ಹೆಸರನ್ನೂ ಹೇಳಿದರು. ಹೆಡ್ಮಾಸ್ತರು ಕನ್ನಡಕ ಒರೆಸಿಕೊಂಡು, "ಮುಟ್ಟಿ ಬರೂದು ಆಟರಿ. ಹಿಡಿಯೂದು ಕೆಲಸ. ಕೆಲಸಕ್ಕ ಕೂಲಿ ಕೊಡ್ತಾರ, ಬಹುಮಾನ ಕೊಡ್ತಾರೇನು?" ಎಂದರು. ಎಂಥ ಮಾತು! ಎಲ್ಲರೂ ತಲೆದೂಗಿದರು. ಪೇಶಕಾರ ಸಾಹೇಬರು "ವಾಹ್" ಎಂದು ಇನ್ನೊಂದು ಬಜ್ಜಿ ತೆಗೆದುಕೊಂಡರು.

ಅದರ ಮಾರನೆಯ ಬೆಳಿಗ್ಗೆ ಹುಲಿಗೆಪ್ಪ ನನ್ನ ಹತ್ತಿರ ಬಂದ. ಏನನ್ನೂ ಕೇಳುವ ಮನುಷ್ಯನಲ್ಲ ಅವನು. ತಲೆಗೆ ಸುತ್ತಿದ್ದ ವಸ್ತ್ರ ಬಿಚ್ಚಿ ಕೈಯಲ್ಲಿ ಹಿಡಿದಿದ್ದ.

"ಸಣ್ಣ ಧಣ್ಯಾರ, ಬರೂ ತಿಂಗಳ ನಮ್ಮ ತಂಗಿ ಮದುವಿ ಐತ್ರಿ. ತವರಮನಿಯಿಂದ ಒಂದು ತಾಮ್ರದ ಕೊಡ ಹೋಗಬೇಕು. ಅದರ ಮ್ಯಾಲ ಅಣ್ಣನ ಹೆಸರಿದ್ರ ಗಂಡನ ಮನ್ಯಾಗ ಆಕಿಗೆ ಒಂದು ಬೆಲೆ. ನೀವು ಕ್ಯಾಪ್ಟನ್ ಅದೀರಿ. ಒಂದ ಮಾತು ಹೇಳ್ರಿ."

"ಹೇಳ್ತೀನಿ ಬಿಡು" ಎಂದೆ. ಆ ಹೊತ್ತಿಗೆ ನಿಜವಾಗಿಯೂ ಹೇಳಬೇಕೆಂದಿದ್ದೆ.

ಸಂಜೆ ಸಾಹುಕಾರ ಸಂಗಪ್ಪನವರು ಕೊನೆಗೂ ನನ್ನತ್ತ ತಿರುಗಿ, "ಕ್ಯಾಪ್ಟನ್ರು ಏನಂತಾರ? ಅವರು ಹೇಳಿದವರ ಹೆಸರು ಕೊರಸೂಣು" ಎಂದರು. ಹುಲಿಗೆಪ್ಪ ಹತ್ತಿಯ ಅಂಡಿಗೆಗೆ ಬೆನ್ನು ಕೊಟ್ಟು ನಿಂತಿದ್ದ. ನಾನು ಬಾಯಿ ತೆರೆದೆ. ತೆರೆದ ಬಾಯಿಯೊಳಗೆ ಒಂದು ದುರಾಸೆ ಕೂತಿತ್ತು: ನಾನೇನೂ ಹೇಳದಿದ್ದರೆ ಇವರು ನನ್ನ ಹೆಸರನ್ನೇ ಹೇಳಬಹುದಲ್ಲ? "ಹಿರ್ಯಾರು ನೀವು ಹೆಂಗ ಹೇಳ್ತೀರಿ ಹಂಗರಿ" ಎಂದುಬಿಟ್ಟೆ. "ನೋಡ್ರಿ, ವಿನಯ ಅಂದ್ರ ಇದು!" ಎಂದರು ವಕೀಲರು. ಉದ್ದ ಉಸಿರಿನ ಕ್ಯಾಪ್ಟನ್‌ಗೆ ನಾಲ್ಕು ಅಕ್ಷರದ ಹೆಸರು ಹೇಳುವಷ್ಟು ಉಸಿರು ಇರಲಿಲ್ಲ. ಹುಲಿಗೆಪ್ಪ ತಲೆಗೆ ವಸ್ತ್ರ ಸುತ್ತಿಕೊಂಡು ಅಂಡಿಗೆ ಎತ್ತಲು ಹೋದ.

ಹಿರಿಯರು ನನ್ನ ಹೆಸರನ್ನೂ ಹೇಳಲಿಲ್ಲ. ತೀರ್ಮಾನವಾಗುವ ತನಕ ಕೊಡ ಕ್ಯಾಪ್ಟನ್ ಮನೆಯಲ್ಲಿರಲಿ ಎಂದು ಎದ್ದರು. ತೀರ್ಮಾನ ಆಗಲೇ ಇಲ್ಲ. ಹುಲಿಗೆಪ್ಪನ ತಂಗಿ ಮಣ್ಣಿನ ಕೊಡ ಹೊತ್ತು ಗಂಡನ ಮನೆಗೆ ಹೋದಳೆಂದು ಕೇಳಿದೆ. ಕೇಳಿ, ಮರೆತೆ. ಮರೆಯುವುದರಲ್ಲಿ ಶ್ರೇಷ್ಠ ಆಟಗಾರನಿಗೆ ಕೊಡ ಕೊಡುವುದಿದ್ದರೆ ಚರ್ಚೆಯೇ ಬೇಕಿರಲಿಲ್ಲ.

ಸೊಸೆ ಆ ಕೊಡ ತಿಕ್ಕುವುದೆಲ್ಲ ಹೋದ ತಿಂಗಳ ತನಕದ ಮಾತು. ಇಷ್ಟು ವರ್ಷಗಳ ಮೇಲೆ, ಹೋದ ತಿಂಗಳು ಹುಲಿಗೆಪ್ಪ ನಮ್ಮ ಮನೆಗೆ ಬಂದಿದ್ದ. ಮೊಮ್ಮಗಳ ಮದುವೆಯ ಕರೆ ಕೊಡಲು. ಸೊಸೆ ಅವನಿಗೆ ನೀರು ಕೊಟ್ಟು, ತನ್ನ ಪಾಠ ಒಪ್ಪಿಸಿದಳು: "ಇದು ನಮ್ಮ ಮಾವಾರು ಗೆದ್ದದ್ದರಿ." ನನಗೆ ಪೇಪರು ಎತ್ತಿಕೊಳ್ಳಲೂ ಕೈ ಬರಲಿಲ್ಲ. ಹುಲಿಗೆಪ್ಪ ಕೊಡವನ್ನು ನಿಧಾನವಾಗಿ ನೋಡಿ, "ಹೌದವ್ವಾ, ಗೊತ್ತೈತಿ. ನಾನೂ ಅಲ್ಲೇ ಇದ್ದೆ" ಎಂದ.

ಅವನನ್ನು ಕಳಿಸಲು ಬಾಗಿಲ ತನಕ ಹೋದೆ. "ಹುಲಿಗೆಪ್ಪಾ, ಆ ಕೊಡ ಒಯ್ಯೋ. ಮೊಮ್ಮಗಳಿಗೆ ಕೊಡು. ಅದು ನಿಂದ" ಎಂದೆ. ಅವನು ನಕ್ಕ. "ಅದನ್ನ ಒಯ್ದು ಏನ್ ಮಾಡ್ಲಿರಿ ಧಣ್ಯಾರ? ಅದರ ಮ್ಯಾಲ ಏಳು ಮಂದಿ ದೊಡ್ಡೋರ ಹೆಸರು ಅದಾವಂತ. ನನ್ನ ಮನ್ಯಾಗ ಇಟ್ರ ತುಡುಗು ಮಾಡ್ಯಾನ ಅಂತಾರ." ಹಾಸ್ಯ ಮಾಡಿದನೆಂದುಕೊಂಡು ನಾನೂ ನಗಲು ಹೋದೆ. ಅವನು ಹಾಸ್ಯ ಮಾಡಿರಲಿಲ್ಲ. ನನಗೆ ನಾಚಿಕೆಯಾಯಿತು, ಮೈಯೆಲ್ಲ ನಾಚಿಕೆಯಾಯಿತು.

ಮರುದಿನ ಕೊಡವನ್ನು ಪೇಟೆಯ ಭಾಂಡೆ ಅಂಗಡಿಗೆ ಒಯ್ದೆ. ಖಾಲಿ ಜಾಗದಲ್ಲಿ ಹುಲಿಗೆಪ್ಪನ ಹೆಸರು ಕೊರೆಸಿದೆ. ಆಮೇಲೆ ಕ್ಯಾಪ್ಟನ್ ಹೆಸರನ್ನು ತೋರಿಸಿ, ಅದನ್ನು ಬಡಿದು ಅಳಿಸು ಎಂದೆ. ಕೊರೆಯುವವನು, "ಅಳಸ್ತೀನ್ರಿ, ಆದ್ರ ತಗ್ಗು ಉಳಿತೈತಿ. ಯಾರ್ರಿ ಇವರು, ಏನರ ಮಾಡ್ಯಾರೇನು?" ಎಂದ. "ಏನೂ ಮಾಡಿಲ್ಲ" ಎಂದೆ. ಸೊಸೆಗೆ ನಡೆದದ್ದನ್ನೆಲ್ಲ ಹೇಳಿದೆ. ಆಕೆ ಅಂದು ರಾತ್ರಿ ನನಗೆ ಬಡಿಸಿದ ರೊಟ್ಟಿ ತಣ್ಣಗಿತ್ತು.

ಹಿಟ್ನಾಳದ ಮದುವೆಯ ಮನೆಯಲ್ಲಿ ಕೊಡವನ್ನು ಮದುಮಗಳ ಕೈಗೆ ಕೊಟ್ಟು, ನಾನು ಚಪ್ಪರದ ಹೊರಗಿನ ಕಲ್ಲಿನ ಮೇಲೆ ಕೂತೆ. ಮದುಮಗಳು ಕೊಡದ ಮೇಲಿನ ಅಜ್ಜನ ಹೆಸರನ್ನು ಗಟ್ಟಿಯಾಗಿ ಓದಿದಳು. ಓದಲು ಬಾರದ ಹುಲಿಗೆಪ್ಪ ಬೆರಳಿನಿಂದ ತನ್ನ ಹೆಸರನ್ನು ತಡವಿದ. ಅವನ ಬೆರಳು ಮೇಲೇರಿ ಬಡಿದ ತಗ್ಗಿನಲ್ಲಿ ನಿಂತಿತು. ಕೊಡ ಎತ್ತಿಕೊಂಡು ನಾನಿದ್ದಲ್ಲಿಗೆ ಬಂದ.

"ಇಲ್ಲಿ ಯಾರ ಹೆಸರಿತ್ರಿ?"

"ಕ್ಯಾಪ್ಟನ್ದು" ಎಂದೆ. "ಅವ ಔಟಾಗ್ಯಾನ."

ಹುಲಿಗೆಪ್ಪ ಕೊಡವನ್ನು ಕೆಳಗಿಟ್ಟ. ಬಗ್ಗಿ ನನ್ನ ರಟ್ಟೆ ಹಿಡಿದ. ಬೆರಳುಗಳು ಇನ್ನೂ ಕೊಕ್ಕೆಯಂತೆಯೇ ಇದ್ದವು.

"ಹಂಗಾರ ಏಳ್ರಿ ಇನ್ನ, ಎಷ್ಟೊತ್ತಂತ ಹೊರಗ ಕುಂದ್ರತೀರಿ? ನಾ ಹಿಡದೀನಲ್ಲ."