ಕಪಿಲೆ ಬಾವಿಯ ಸರದಿ

ಬಾವಿಯಿಂದ ನೀರೆತ್ತುವ ಕಪಿಲೆಯ ಗಾಲಿ ಕಿರ್ರೆಂದಿತು. ಹರಿಹರದ ಹೊಳೆದಂಡೆಯ ವೀಳ್ಯದೆಲೆ ತೋಟದಿಂದ ಆ ದನಿಯ ಹಿಂದೆಯೇ ಎತ್ತು ಹೊಡೆಯುವ ಗಂಡನ ಅಣ್ಣ ಮುರುಗೇಶಪ್ಪನ ಕೂಗೂ ಕೇಳಿಸಿತು. ಸರ್ವಮಂಗಳಮ್ಮ ಹಾಸಿಗೆಯಿಂದ ಎದ್ದು ಕೂತಳು. ಭಾವ ತೋಟದಲ್ಲೇ ಇದ್ದಾನೆ. ದಾವಣಗೆರೆಯ ಮೊದಲ ಬಸ್ಸಿಗೆ ಹೋಗಿಲ್ಲ.

ಗಂಡ ಬದುಕಿದ್ದಾಗ ಆ ಬಾವಿ ದಿನ ಬಿಟ್ಟು ದಿನ ಅವಳದಾಗಿತ್ತು. ಅವನು ಹೋದ ಮೇಲೆ ಭಾವ ಸರದಿ ತಪ್ಪಿಸಿದ. ಅವಳ ಎಲೆಬಳ್ಳಿ ಒಣಗಿ ನುಗ್ಗೆಮರಗಳಿಗೆ ಹಳೆಯ ಹಗ್ಗದಂತೆ ಜೋತುಬಿತ್ತು. ಅವಳು ದಾವಣಗೆರೆಯ ಮುನ್ಸೀಫ್ ಕೋರ್ಟಿಗೆ ದಾವೆ ಹಾಕಿದಳು. ಅಣ್ಣ ವಾಮದೇವಪ್ಪ ಜೊತೆಗೆ ಓಡಾಡಿದ.

ವಿಚಾರಣೆಯ ಹಿಂದಿನ ದಿನ ಮುರುಗೇಶಪ್ಪ ಬಂದು ಅಂಗೈಯಲ್ಲಿ ಇಷ್ಟಲಿಂಗ ಹಿಡಿದ. ಮನೆತನದ ಮಾತು ಕಟಕಟೆ ಹತ್ತುವುದು ಬೇಡ, ನಾಳೆ ಇಬ್ಬರೂ ಹೋಗುವುದು ಬೇಡ, ಮಠದಲ್ಲಿ ಕೂತು ಸರದಿ ಹಂಚಿಕೊಳ್ಳೋಣ ಎಂದ. ಲಿಂಗ ಹಿಡಿದವನನ್ನು ಅನುಮಾನಿಸುವುದು ಅವಳ ತವರು ಕಲಿಸದ ವಿದ್ಯೆ. ವಕೀಲರಿಗೂ ಬರಬೇಡಿರೆಂದು ಹೇಳಿಕಳಿಸಿದಳು. ಮುರುಗೇಶಪ್ಪ ಮಾತ್ರ ಕೋರ್ಟಿಗೆ ಹೋಗಿ ನಿಂತ.

ಮಠದ ಮಾತು ಇವತ್ತು ನಾಳೆ ಎಂದು ಬೆಳೆಯಿತು. ಕೊನೆಗೆ ಮತ್ತೊಂದು ದಾವೆ ಹಾಕಿಸಲು ಹೋದಾಗ ವಕೀಲರು ಕನ್ನಡಕ ತೆಗೆದಿಟ್ಟರು.

"ಇಬ್ರೂ ಬರದಿದ್ರೆ ಮತ್ತೆ ಹಾಕಬಹುದಿತ್ತಮ್ಮ. ಅವರು ಬಂದ್ರು, ನೀವು ಬರ್ಲಿಲ್ಲ. ವಜಾ ಆದ ಮೇಲೆ ಅದೇ ಹಕ್ಕಿಗೆ ಇನ್ನೊಂದು ದಾವೆ ನಡೆಯಲ್ಲ. ತಿಂಗಳೊಳಗೆ ಅರ್ಜಿ ಕೊಡಬೇಕಿತ್ತು, ಅದೂ ಮೀರಿತು."

ಅವನು ಲಿಂಗ ಹಿಡಿದಿದ್ದನೆಂದು ಅವಳು ಹೇಳಿದಳು.

"ಅದಕ್ಕೆ ಕಾಗದ ಐತೇನಮ್ಮ?"

ಆ ಕಾನೂನನ್ನು ಅವಳು ಮತ್ತೆ ಮತ್ತೆ ಹೇಳಿಸಿಕೊಂಡಳು, ಮಗುವಿಗೆ ವಚನ ಬಾಯಿಪಾಠ ಮಾಡಿಸುವ ಹಾಗೆ. ಆಮೇಲೆ ಊರಿಗೆ ಬಂದು ಸುಮ್ಮನಿದ್ದಳು.

ಅಣ್ಣ ತೀರಿಕೊಂಡ ವರ್ಷ, ಅವಳ ಹೊಲದಂಚಿನಿಂದ ಭಾವನ ಆಚೆ ತೋಟಕ್ಕೆ ನೀರೊಯ್ಯುವ ಕಾಲುವೆಯನ್ನು ತಾನೇ ಬುಟ್ಟಿ ಹೊತ್ತು ಮಣ್ಣು ತುಂಬಿ ಮುಚ್ಚಿದಳು. ಆಚೆ ಬಳ್ಳಿಗಳಿಗೆ ಆಳುಗಳು ಕೊಡದಲ್ಲಿ ನೀರು ಹೊರುವಂತಾಯಿತು. ಈ ಸಲ ದಾವೆ ಹಾಕಿದವನು ಮುರುಗೇಶಪ್ಪ.

ನಿನ್ನೆ ಸಂಜೆ ಅವನು ಬಂದ. ಜೊತೆಗೆ ಬರುವ ಅಣ್ಣನಿಲ್ಲದೆ ಹೆಂಗಸು ಒಬ್ಬಳೇ ಕೋರ್ಟಿನ ಮೆಟ್ಟಿಲು ಹತ್ತುವುದಿಲ್ಲವೆಂಬ ಧೈರ್ಯ ಅವನ ಮುಖದಲ್ಲಿತ್ತು.

"ನಾಳೆ ಇಬ್ರೂ ಹೋಗಾದು ಬ್ಯಾಡವ್ವ. ಕಾಲುವೆ ತೆರೆದುಬಿಡು, ವಾರಕ್ಕೆ ಎರಡು ದಿನ ಬಾವಿ ನಿಂದು."

ಅವನ ಕೈ ಎದೆಯ ಮೇಲಿನ ಲಿಂಗದ ಕರಡಿಗೆಯವರೆಗೆ ಹೋಗಿ ಹಿಂದೆ ಬಂತು. ಅವಳು ಒಳಗೆ ಹೋಗಿ ಒಂದು ಲೋಟ ಮಜ್ಜಿಗೆ ತಂದಿಟ್ಟಳು. ಹಗೆಯವರ ಮನೆಯಲ್ಲಿ ಮಜ್ಜಿಗೆ ಕುಡಿದರೆ ಹಗೆ ತೀರಿದಂತೆ. ಅವರ ಕೇರಿಯಲ್ಲಿ ಅದನ್ನು ಯಾರೂ ಬಾಯಿಬಿಟ್ಟು ಹೇಳುವುದಿಲ್ಲ. ಅವನು ಲೋಟವನ್ನೂ ಅವಳನ್ನೂ ನೋಡಿ ಕುಡಿದ.

"ಹುಳಿ ಆಗೈತೇನ್ರಿ ಭಾವಾರೆ?"

"ಇಲ್ಲವ್ವ, ತಣ್ಣಗೈತೆ," ಎಂದು ನಕ್ಕು, ವಕೀಲರಿಗೆ ಬರಬೇಡಿರೆಂದು ತಿಳಿಸುವುದಾಗಿ ಹೇಳಿ ಹೋದ.

ಈಗ ಕಪಿಲೆ ಇನ್ನೂ ಕಿರುಗುಟ್ಟುತ್ತಿತ್ತು. ವಾರದ ಆ ಎರಡು ದಿನಗಳು ಅವಳ ಮನಸ್ಸಿನಲ್ಲಿ ಒಮ್ಮೆ ಹಸಿರಾಗಿ ಸುಳಿದವು. ನುಗ್ಗೆಮರದ ಒಣ ಬಳ್ಳಿಗಳನ್ನು ನೋಡಿದಳು. ಪೂಜೆ ಮುಗಿಸಿ, ಇಳಕಲ್ ಸೀರೆ ಉಟ್ಟು ಹೊರಬಿದ್ದಳು.

ಪಕ್ಕದ ಮನೆಯ ಕೊಟ್ರವ್ವ ಅಂಗಳಕ್ಕೆ ಸಗಣಿನೀರು ಹಾಕುತ್ತ, ಒಬ್ಬಳೇ ಎಲ್ಲಿಗೆ ಹೊರಟೆ ಎಂದು ಕೇಳಿದಳು.

"ಕೋರ್ಟಿಗೆ. ಭಾವಾರು ಕೇಳಿದ್ರೆ ಹೇಳವ್ವ, ಮಜ್ಜಿಗಿಗೂ ಅಲ್ಲಿ ಕಾಗದ ಇಲ್ಲಂತೆ. ದಾವೆ ಹಾಕಿದವರು ಬರದೆ ನಾ ಒಬ್ಬಳೇ ಹೋಗಿ ನಿಂತ್ರೆ, ಇನ್ನ ಆ ಕಾಲುವಿ ನೀರು ಅವರ ತೋಟಕ್ಕೆ ಹರಿಯಾದಿಲ್ಲ." ಎನ್ನುತ್ತಲೇ ಸೆರಗು ಬಿಗಿದು, ಬಸ್ಸಿನ ಹಾರನ್ ಕೇಳಿದ ಕಡೆಗೆ ನಡೆದಳು.