ಎರಡು ಕಪಾಟಿನ ನಡುವಿನ ನಿಯೋಕನ್ಸರ್ವೇಟಿಸಂ

ಅಮೆರಿಕಾದ ಲಾಸ್ ಆಲ್ಟೋಸ್ ಊರಿನ ಲೈಬ್ರರಿಯ ಹಿಂದಿನ ಕೋಣೆಯಲ್ಲಿ ಹಳೆಯ ಪುಸ್ತಕಗಳ ಮಾರಾಟ. ಸಂಬಳವಿಲ್ಲದೆ ಅದನ್ನು ನೋಡಿಕೊಳ್ಳುವವರು ಧಾರವಾಡದ ಶಾಂತಕ್ಕ. ರಾಜಕೀಯಕ್ಕೆ ಅಲ್ಲಿ ಎರಡೇ ಕಪಾಟು: ಒಂದು ಎಡಪಂಥಕ್ಕೆ, ಒಂದು ಬಲಪಂಥಕ್ಕೆ. ಎಡಪಂಥದ ಕಪಾಟಿನಲ್ಲಿ ನಿಯೋಕನ್ಸರ್ವೇಟಿಸಂ ಕುರಿತ ದಪ್ಪ ಪುಸ್ತಕವೊಂದು ಕಂಡಿತು.

"ಇದು ಬಲಪಂಥ ಅಲ್ವಾ? ತಪ್ಪು ಕಡೆ ಇದೆ" ಎಂದೆ.

ಶಾಂತಕ್ಕ ನಕ್ಕರು. "ಇವತ್ತು ಮಂಗಳವಾರ. ಸ್ಯಾಮ್ ಬಂದು ಇಟ್ಟು ಹೋಗ್ಯಾನ. ಗುರುವಾರ ಹ್ಯಾರಿ ಬಂದು ಆ ಕಡೆ ಇಡ್ತಾನ."

ಇಬ್ಬರೂ ಎಂಬತ್ತು ದಾಟಿದವರಂತೆ. ಕಾಲೇಜಿನಲ್ಲಿ ಒಂದೇ ಎಡಪಂಥೀಯ ಗುಂಪಿನ ಗೆಳೆಯರು. ತನ್ನವರೇ ಸೋವಿಯತ್ತಿನ ವಿಷಯದಲ್ಲಿ ಮೆತ್ತಗಾದರು ಎನ್ನಿಸಿ ಹ್ಯಾರಿ ಬಲಪಂಥದ ಕಡೆ ಹೋದನಂತೆ. ಹಾಗೆ ಎಡದಿಂದ ಬಲಕ್ಕೆ ಹೋದವರು ಕಟ್ಟಿದ್ದೇ ಈ ನಿಯೋಕನ್ಸರ್ವೇಟಿಸಂ.

"ಜಗತ್ತು ಬದಲು ಮಾಡಬೇಕನ್ನೋ ಹುಚ್ಚು ಮಾತ್ರ ಬಿಡ್ಲಿಲ್ರೀ. ಮೊದಲು ಮೆರವಣಿಗೀಲೆ ಮಾಡೂಣು ಅಂತಿದ್ದ, ಆಮ್ಯಾಲ ಅಮೆರಿಕಾದ ಸೈನ್ಯದಲೆ ಮಾಡೂಣು ಅಂದ."

ಇರಾಕ್ ಯುದ್ಧದ ಹೊತ್ತಿಗೆ ಇಬ್ಬರ ನಡುವೆ ಮಾತು ನಿಂತಿತು. ಇಂದಿಗೂ ಇಲ್ಲ. ಆದರೆ ಪ್ರತಿ ವಾರ ಒಬ್ಬ ಆ ಪುಸ್ತಕವನ್ನು ತವರಿಗೆ ಕರೆತರುತ್ತಾನೆ, ಇನ್ನೊಬ್ಬ ಮತ್ತೆ ಗಂಡನ ಮನೆಗೆ ಕಳಿಸುತ್ತಾನೆ.

ತೆರೆದು ನೋಡಿದೆ. ಪುಟದ ಅಂಚುಗಳ ತುಂಬ ಕೆಂಪು, ನೀಲಿ ಪೆನ್ಸಿಲ್ಲಿನ ಜಗಳ. ಕೆಂಪು ಸ್ಯಾಮ್‌ನದು, ನೀಲಿ ಹ್ಯಾರಿಯದು. ಕೊನೆಯ ಸಾಲು ಕೆಂಪಿನಲ್ಲಿತ್ತು: "ಮೊಣಕಾಲಿನ ಆಪರೇಷನ್ ಹೇಗಾಯ್ತು?"

"ಇದನ್ನು ನಾನು ತಗೊಳ್ತೀನಿ" ಎಂದೆ.

ಶಾಂತಕ್ಕ ಪುಸ್ತಕವನ್ನು ನನ್ನ ಕೈಯಿಂದ ಮೆಲ್ಲಗೆ ಬಿಡಿಸಿಕೊಂಡು, ಎಡಪಂಥದ ಕಪಾಟಿನಲ್ಲೇ ಇಟ್ಟರು.

"ಬ್ಯಾರೆ ಯಾವುದಾರ ಒಯ್ರಿ. ಹ್ಯಾರೀದು ಉತ್ತರ ಇನ್ನೂ ಬರೋದೈತಿ."