ಜೆರಿಕೋದಲ್ಲಿ ಫೇಲಾದ ನನ್ನ ಕಾರು

ನಾನಿರುವುದು ನ್ಯೂಜೆರ್ಸಿಯ ಹ್ಯಾರಿಸನ್‌ನಲ್ಲಿ. ಇಲ್ಲಿ ಎರಡು ವರ್ಷಕ್ಕೊಮ್ಮೆ ಕಾರಿನ ಇನ್‌ಸ್ಪೆಕ್ಷನ್ ನಡೆಯುತ್ತದೆ. ನೋಡುವುದು ಹೊಗೆಯನ್ನು ಮಾತ್ರ. ಬ್ರೇಕ್ ಹಿಡಿಯುತ್ತದೆಯೇ ಎಂದು ಯಾರೂ ಕೇಳುವುದಿಲ್ಲ. ನನ್ನ ತಮ್ಮನ ಮಗನ ಕಾರಿನ ಬಂಪರ್ ನಿಂತಿರುವುದು ಟೇಪಿನ ದಯೆಯಿಂದ. ಅವನು ಬ್ರೇಕ್ ಒತ್ತಿದರೆ ಅಕ್ಕಪಕ್ಕದ ಮನೆಯ ನಾಯಿಗಳು ಬೊಗಳುತ್ತವೆ. ಅದೂ ಪಾಸು. "ಸ್ಟಿಕರ್ ಇದೆಯಲ್ಲ ಅತ್ತೆ, ಮತ್ತೇನು?" ಎನ್ನುತ್ತಾನೆ. ಯಾರಿಗಾದರೂ ಗುದ್ದಿದರೂ ಗಾಳಿ ಕೆಡಿಸದೆ ಗುದ್ದುತ್ತಾನೆ ಎಂಬುದೊಂದೇ ಸಮಾಧಾನ.

ನ್ಯೂಯಾರ್ಕಿನಲ್ಲಿ ಹಾಗಲ್ಲ. ಕಾರು ಕೈ ಬದಲಾದರೆ ಹತ್ತು ದಿನದೊಳಗೆ ಬ್ರೇಕ್, ದೀಪ, ಟೈರ್, ಸೀಟ್ ಬೆಲ್ಟ್, ಹೊಗೆ ಎಲ್ಲವನ್ನೂ ತೋರಿಸಿ ಪಾಸು ಮಾಡಿಸಬೇಕು, ಇಲ್ಲದಿದ್ದರೆ ರಸ್ತೆಗೆ ಇಳಿಸುವಂತಿಲ್ಲ. ಅಲ್ಲಿನ ಲಾಂಗ್ ಐಲೆಂಡಿನ ಜೆರಿಕೋದಲ್ಲಿರುವ ಒಬ್ಬ ನರ್ಸಿಗೆ ನನ್ನ ಕಾರು ಮಾರಿದಾಗ ಈ ನಿಯಮ ಕೇಳಿ ನನಗೆ ಖುಷಿಯೇ ಆಗಿತ್ತು. ಕೊನೆಗೂ ಸರಿಯಾಗಿ ನೋಡುವವರು ಸಿಕ್ಕರು!

ಹುಡುಗಿ ಉಡುಪಿ ಕಡೆಯವಳು. ಆಸ್ಪತ್ರೆಯಲ್ಲಿ ಹೊಸ ಕೆಲಸ, ಒಂದು ವಾರ ಬಿಟ್ಟು ಬರುವ ಸೋಮವಾರ ಬೆಳಗಿನ ಆರಕ್ಕೆ ಮೊದಲ ಶಿಫ್ಟು. ಆ ಹೊತ್ತಿಗೆ ಅತ್ತ ಹೋಗುವ ಬಸ್ಸಿಲ್ಲ. ಕಾರಿಲ್ಲದಿದ್ದರೆ ಕೆಲಸವೂ ಇಲ್ಲ. "ಇನ್‌ಸ್ಪೆಕ್ಷನ್‌ಗೆ ಗಡಿಬಿಡಿ ಬೇಡ, ನನ್ನ ಕಾರು ಒಂದೇ ಏಟಿಗೆ ಪಾಸಾಗುತ್ತದೆ" ಎಂದು ಅಭಯ ಕೊಟ್ಟೆ. ಜೊತೆಗೆ ಕಾರನ್ನು ನೋಡಿಕೊಳ್ಳುವ ಕ್ರಮವನ್ನು ಒಂದು ಹಾಳೆಯಲ್ಲಿ ಬರೆದುಕೊಟ್ಟೆ. ಅದರಲ್ಲಿ ನಾಲ್ಕನೆಯದು: ಕಾರು ನಿಲ್ಲಿಸಿದ ಮೇಲೆ ಬ್ಯಾಟರಿಯ ತಂತಿ ಬಿಚ್ಚಿಡುವುದು. ನಾನು ಟ್ರೇನಿನಲ್ಲೇ ಓಡಾಡತೊಡಗಿದ ಮೇಲೆ, ಹೋದ ಚಳಿಗಾಲದಲ್ಲಿ, ನಿಂತಲ್ಲೇ ನಿಂತ ಕಾರಿನ ಬ್ಯಾಟರಿ ಸತ್ತಿತ್ತು. ಅಂದಿನಿಂದ ಈ ಕ್ರಮ. ಸ್ಪ್ಯಾನರನ್ನೂ ಅವಳಿಗೆ ಕೊಟ್ಟಿದ್ದೆ.

ಒಂಬತ್ತನೆಯ ದಿನ, ಶುಕ್ರವಾರ ಮಧ್ಯಾಹ್ನ ಫೋನ್ ಬಂತು.

"ಆಂಟಿ, ಫೇಲಾಯ್ತು ಮಾರಾಯ್ರೆ! ಇನ್ನೊಂದೇ ದಿನ ಉಂಟು. ನೀವೇ ಹೇಳಿದ್ದಲ್ವಾ, ಗಡಿಬಿಡಿ ಬೇಡ ಅಂತ?"

ಆ ಇನ್‌ಸ್ಪೆಕ್ಟರಿಗೆ ಕಾರು ನೋಡುವುದು ಹೇಗೆಂದು ಹೇಳಿಕೊಡಬೇಕೆಂದೇ ಟ್ರೇನ್ ಹತ್ತಿದೆ. ಗ್ಯಾರೇಜಿನಲ್ಲಿದ್ದವನು ದಪ್ಪ ಮೀಸೆಯ ಶಾಂತ ಮನುಷ್ಯ. ಬ್ರೇಕು, ಟೈರು ಎಲ್ಲ ಅಚ್ಚುಕಟ್ಟಾಗಿವೆ ಎಂದ. ನಾನು ತಲೆಯಾಡಿಸಿದೆ.

"ಆದರೆ ಇದರ ಕಂಪ್ಯೂಟರಿಗೆ ಏನೂ ನೆನಪಿಲ್ಲ. ಓಡುವಾಗ ಹೊಗೆ ಸರಿಯಿದೆಯೇ ಎಂದು ಅದು ತನ್ನನ್ನು ತಾನೇ ಪರೀಕ್ಷೆ ಮಾಡಿಕೊಳ್ಳಬೇಕು, ನಾನು ಓದುವುದು ಆ ಫಲಿತಾಂಶವನ್ನೇ. ಬ್ಯಾಟರಿ ತೆಗೆದರೆ ಎಲ್ಲ ಅಳಿಸಿಹೋಗುತ್ತದೆ. ಯಾರು ತೆಗೆದದ್ದು?"

"ನಾನು" ಎಂದಳು ನರ್ಸು. "ದಿನಾ ಸಂಜೆ. ಒಂದಿನವೂ ತಪ್ಪಿಸಲಿಲ್ಲ."

"ದಿನಾ? ಯಾಕಮ್ಮಾ?"

ಅವಳು ನನ್ನ ಕಡೆ ನೋಡಿದಳು. ಹಾಳೆ ಅವಳ ಕೈಚೀಲದಲ್ಲೇ ಇತ್ತು, ಆದರೆ ಹೊರಗೆ ತೆಗೆಯಲಿಲ್ಲ. ತೆಗೆದಿದ್ದರೆ ನಾನೇ ಬಾಯಿಬಿಡುವುದು ತಪ್ಪುತ್ತಿತ್ತು.

"ನಾನೇ ಹೇಳಿದ್ದು" ಎಂದೆ.

ಅವನು ನಗಲಿಲ್ಲ. ಇಂದು ತಂತಿ ಮುಟ್ಟಬೇಡಿ, ನಾಳೆ ಬೆಳಿಗ್ಗೆ ಎಂಜಿನ್ ತಣ್ಣಗಿರುವಾಗಲೇ ಸ್ಟಾರ್ಟ್ ಮಾಡಿ, ಹೈವೇಯಲ್ಲೂ ಊರೊಳಗೂ ಸಾಕಷ್ಟು ಓಡಿಸಿ, ನಾಲ್ಕಕ್ಕೆ ಬಾಗಿಲು ಹಾಕುವ ಮೊದಲು ತನ್ನಿ ಎಂದ.

ಆ ರಾತ್ರಿ ಅವಳ ಮನೆಯಲ್ಲೇ ಉಳಿದೆ. ಬೆಳಿಗ್ಗೆ ಏಳಕ್ಕೆ ಹೊರಟೆವು. ಲಾಂಗ್ ಐಲೆಂಡಿನ ಹೈವೇಯಲ್ಲಿ ಹೋದೆವು, ಬಂದೆವು, ಮತ್ತೆ ಹೋದೆವು. ಎಲ್ಲಿಗೂ ಅಲ್ಲ. ಶನಿವಾರ ಎಲ್ಲಿಗೂ ಅಲ್ಲದೆ ಗಂಟೆಗಟ್ಟಲೆ ಕಾರು ಓಡಿಸುವವರನ್ನು ನಾನು ಜೀವಮಾನವಿಡೀ ಬೈದುಕೊಂಡು ಬಂದವಳು.

"ಆಂಟಿ, ಇವತ್ತೂ ಆಗದಿದ್ರೆ ಆಸ್ಪತ್ರೆಯವ್ರಿಗೆ ಎಂಥ ಹೇಳುದು?"

"ರಸ್ತೆ ನೋಡಿ ಓಡಿಸಮ್ಮಾ" ಎಂದೆ.

ಮೂರೂವರೆಗೆ ಮೀಸೆಯವನು ತನ್ನ ಯಂತ್ರ ಜೋಡಿಸಿದ. ನಾವು ಗೋಡೆಗೊರಗಿ ನಿಂತೆವು. ಅವನು ಪರದೆಯನ್ನು ಎರಡು ಸಲ ನೋಡಿ, ಒಂದು ಪರೀಕ್ಷೆ ಇನ್ನೂ ಮುಗಿದಿಲ್ಲ ಎಂದ. ಹುಡುಗಿ ನನ್ನ ತೋಳು ಹಿಡಿದುಕೊಂಡಳು.

"ಒಂದು ಬಾಕಿ ಇದ್ದರೆ ನಡೆಯುತ್ತದೆ. ಪಾಸು" ಎಂದು ಸ್ಟಿಕರ್ ಅಂಟಿಸಿದ.

ಅವಳು ಅಲ್ಲೇ ಅತ್ತುಬಿಟ್ಟಳು. ಅಳು ನಿಂತ ಮೇಲೆ ಕೈಚೀಲದಿಂದ ಹಾಳೆ ತೆಗೆದು, ಪೆನ್ನು ಕೇಳಿ, ನಾಲ್ಕನೆಯ ಸಾಲನ್ನು ನನ್ನ ಕೈಯಿಂದಲೇ ಹೊಡೆದುಹಾಕಿಸಿದಳು. ಸೋಮವಾರ ಐದೂಮುಕ್ಕಾಲಿಗೆ ಆಸ್ಪತ್ರೆ ತಲುಪಿದೆ ಎಂದು ಮೆಸೇಜ್ ಬಂತು. ಹದಿನೈದು ನಿಮಿಷ ಮೊದಲೇ. ಹಾಳೆಯ ಉಳಿದ ಸಾಲುಗಳನ್ನು ಪಾಲಿಸುತ್ತಿದ್ದಾಳೆಯೇ ಎಂದು ನಾನು ಕೇಳಲಿಲ್ಲ.